ಕಳಸದ ಗೆಳೆಯನಿಗೆ, ಸಂಡೂರಿನಿಂದ

ಪ್ರಿಯ ಮಲೆನಾಡಿನ ಮಹಾಪ್ರಭುಗಳೇ,

‘ನಿಮ್ಮ ಬಳ್ಳಾರಿಯಲ್ಲಿ ಧೂಳು, ಬಿಸಿಲು ಬಿಟ್ಟರೆ ನೋಡುವುದಕ್ಕೆ ಏನಿದೆ?’ ಎಂದು ನೀನು ನಾಲ್ಕು ಜನರೆದುರು ಕೇಳಿದ್ದರಿಂದ ಉತ್ತರವನ್ನೂ ನಾಲ್ಕು ಜನರೆದುರೇ ಕೊಡಬೇಕಾಗಿದೆ. ಹೆದರಬೇಡ, ಕಮಲಾಪುರದ ಛತ್ರಿ ಪ್ರಸಂಗ ಈ ಪತ್ರದಲ್ಲಿ ಬರುವುದಿಲ್ಲ.

ದಸರಾ ರಜೆಗೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದೀಯ. ಬಾ. ಆದರೆ ನೀನು ಕಳಿಸಿದ ಪಟ್ಟಿಯ ಅರ್ಧದಷ್ಟು ಜಾಗಗಳು ಈಗ ನಮ್ಮ ಜಿಲ್ಲೆಯಲ್ಲೇ ಇಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹಂಪಿ, ಹೊಸಪೇಟೆ, ತುಂಗಭದ್ರಾ ಅಣೆಕಟ್ಟು ಎಲ್ಲ ಆ ಕಡೆ ಹೋದವು. ನಮಗೆ ಉಳಿದದ್ದು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು. ಮನೆ ಪಾಲಾದಾಗ ದೇವರಕೋಣೆ ತಮ್ಮನಿಗೆ ಹೋಗಿ ಕೊಟ್ಟಿಗೆ ಅಣ್ಣನಿಗೆ ಉಳಿದ ಹಾಗೆ. ಆ ಕೊಟ್ಟಿಗೆಯ ಕೆಳಗೆ ಕೊಪ್ಪರಿಗೆ ಇತ್ತು ಎನ್ನುವುದು ಬೇರೆ ಮಾತು.

ಬಳ್ಳಾರಿ ನಗರಕ್ಕೆ ಒಂದು ಬೆಳಿಗ್ಗೆ ಸಾಕು. ಬಂಡೆಗುಡ್ಡದ ಮೇಲೆ ಕೋಟೆ, ಊರಾಚೆ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಕಲ್ಲುಕೊಡಲಿ ಮಾಡುತ್ತಿದ್ದ ಗುಡ್ಡ, ಆಮೇಲೆ ಜೀನ್ಸ್ ಹೊಲಿಯುವ ಓಣಿಗಳು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಡ್ಡಾಯ. ನಿನ್ನ ಹೊಟ್ಟೆಯ ಇತಿಹಾಸ ಬಲ್ಲವನಾದ್ದರಿಂದ ಒಂದೇ ಮಿರ್ಚಿ. ಸಿರುಗುಪ್ಪ, ಕಂಪ್ಲಿಯ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳಿವೆ, ಅವನ್ನು ನಿನಗೆ ತೋರಿಸಿದರೆ ನಿಮ್ಮೂರಿನ ಗದ್ದೆಗಳ ಕುರಿತು ಭಾಷಣ ಕೇಳಬೇಕಾಗುತ್ತದೆ, ಬೇಡ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ದಾರಿಯಿಂದಲೇ ನೋಡಬಹುದು. ಅಲ್ಲಿ ಸರ್ಕಾರಿ ಕಾರ್ಖಾನೆ ಬರುತ್ತದೆಂದು 1971ರಲ್ಲಿ ಇಂದಿರಾ ಗಾಂಧಿ ಅಡಿಗಲ್ಲು ಇಟ್ಟರು. ಎರಡು ದಶಕದಾಚೆ ಬಂದದ್ದು ಖಾಸಗಿಯದು.

ನಮ್ಮ ಸಂಡೂರನ್ನು ಮಾತ್ರ ಅವಸರದಲ್ಲಿ ನೋಡಿದರೆ ಮಾತು ಬಿಡುತ್ತೇನೆ. ‘ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ’ ಎಂದು ಗಾಂಧೀಜಿ ಹೇಳಿದ್ದರೆಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಅವರು ಹೇಳಿರಲಿ ಬಿಡಲಿ, ಮಾತು ನಿಜ. ಮಳೆ ಮುಗಿಯುತ್ತಿದ್ದಂತೆ ಬಯಲುಸೀಮೆಯ ನಟ್ಟನಡುವೆ ಈ ಗುಡ್ಡಸಾಲು ನಿಮ್ಮ ಘಟ್ಟವನ್ನು ನಾಚಿಸುವಂತೆ ಹಸಿರಾಗುತ್ತದೆ. ನಾಚಿಸುವಂತೆ ಎಂದದ್ದು ನಿನ್ನನ್ನು ಕೆಣಕುವುದಕ್ಕೆ. ನಾರಿಹಳ್ಳ ಗುಡ್ಡದ ಗೋಡೆಯನ್ನು ಸೀಳಿಕೊಂಡು ಹರಿಯುವಲ್ಲಿ ಭೀಮಗಂಡಿ, ಉಬ್ಬಳಗಂಡಿ ಎಂಬ ಕಿರಿದಾದ ಕಣಿವೆಗಳಿವೆ. ತಾರಾನಗರದ ಹತ್ತಿರ ಅದಕ್ಕೊಂದು ಅಣೆಕಟ್ಟು. ಸ್ವಾಮಿಮಲೆಯ ಮೇಲೆ ಕುಮಾರಸ್ವಾಮಿ ಗುಡಿ, ಅದರ ಪಕ್ಕದಲ್ಲೇ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ. ರಾಮನದುರ್ಗದಲ್ಲಿ 19ನೇ ಶತಮಾನದಲ್ಲಿ ಬ್ರಿಟಿಷರು ತಮ್ಮ ಸಿಪಾಯಿಗಳಿಗೆ ಆರೋಗ್ಯಧಾಮ ಮಾಡಿಕೊಂಡಿದ್ದರು. ಬಳ್ಳಾರಿಯ ಬಿಸಿಲು ತಾಳದೆ ಓಡಿಬಂದವರಲ್ಲಿ ನೀನು ಮೊದಲನೆಯವನಾಗುವುದಿಲ್ಲ. ನಿನ್ನ ಹೆಂಡತಿಗೆ ಸಂಡೂರು ಕುಶಲ ಕಲಾ ಕೇಂದ್ರ ತೋರಿಸಬೇಕು. ಭೌಗೋಳಿಕ ಸೂಚಿಕೆ ಪಡೆದಿರುವ ಲಂಬಾಣಿ ಕಸೂತಿ ಅಲ್ಲಿದೆ. ನಿನ್ನ ಜೇಬಿನ ಮಟ್ಟಿಗೆ ನಾನು ಹೊಣೆಗಾರನಲ್ಲ.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಮಳೆಗಾಲ ಬಂದಾಗೆಲ್ಲ ನಾನು ಹಾಕುವ ಹಸಿರು ಚಿತ್ರಗಳಿಗೆ ನೀನು ಮೆಚ್ಚುಗೆ ಒತ್ತುತ್ತೀಯಲ್ಲ, ಆ ಚಿತ್ರಗಳ ಎಡ ಅಂಚಿನಾಚೆ ಸಾಮಾನ್ಯವಾಗಿ ಏನಿರುತ್ತದೆಂದರೆ ಕೆಂಪು ಮೆಟ್ಟಿಲುಗಳು. ಗಣಿ. ಕುಮಾರಸ್ವಾಮಿ ಬೆಟ್ಟ, ದೋಣಿಮಲೆ, ದೇವಗಿರಿ, ನೀನು ಯಾವ ಚೆಂದದ ಹೆಸರು ಹೇಳಿದರೂ ಅಲ್ಲೊಂದು ಅದಿರಿನ ಲೆಕ್ಕವಿದೆ. ಚೆಲುವು ಒಂದು ಕಡೆ, ಗಣಿ ಒಂದು ಕಡೆ, ನಡುವೆ ಒಂದು ಬೇಲಿ ಹಾಕಿದರೆ ಸಾಕು ಎಂದು ನಾನು ವೇದಿಕೆಗಳಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ.

ಈ ಸಲ ಊರಿಗೆ ಬಂದಾಗ ಭೂವಿಜ್ಞಾನ ಓದಿದ ಹುಡುಗನೊಬ್ಬ ಜೊತೆಗಿದ್ದ. ಈ ಕಲ್ಲಿಗೆ ಸುಮಾರು 270 ಕೋಟಿ ವರ್ಷ ವಯಸ್ಸಂತೆ. ಕಬ್ಬಿಣ ಮತ್ತು ಬೆಣಚಿನ ಪಟ್ಟೆಪಟ್ಟೆ ಪದರಗಳು. ಸುತ್ತಲಿನ ಮೆತ್ತನೆಯ ಕಲ್ಲು ಸವೆದು ಬಯಲಾಯಿತು; ಕಬ್ಬಿಣ ತುಂಬಿದ ಪದರ ಸವೆಯಲೊಪ್ಪದೆ ಎತ್ತರದಲ್ಲಿ ಉಳಿಯಿತು. ಎತ್ತರಕ್ಕೆ ಮೋಡ ತಾಗಿತು, ಮೋಡದಿಂದ ಕಾಡು ಬಂತು. ಅವನು ಪಾಠದಂತೆ ಹೇಳಿ ಮುಗಿಸಿದ. ನನಗೆ ಮಾತ್ರ ತಲೆ ಕೆಟ್ಟಿತು. ಅದಿರು ಇರುವುದರಿಂದಲೇ ಗುಡ್ಡ, ಗುಡ್ಡ ಇರುವುದರಿಂದಲೇ ಹಸಿರು. ಇನ್ನು ನನ್ನ ಬೇಲಿಯನ್ನು ಎಲ್ಲಿ ಹಾಕುವುದು ಮಾರಾಯ?

ನಿನಗೊಂದು ಚುಚ್ಚುಮಾತು ಇಲ್ಲೇ ಹೇಳಿಬಿಡುತ್ತೇನೆ. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಕುದುರೆಮುಖದ ಗಣಿ ನಿಂತಾಗ ನೀವು ಹಬ್ಬ ಮಾಡಿದಿರಿ, ನಾನೂ ಬಂದು ಕಡುಬು ತಿಂದೆ. ಆದರೆ ಆ ಗಣಿ ಕಂಪನಿಗೆ ಮಂಗಳೂರಿನಲ್ಲಿದ್ದ, ಅದಿರಿನ ಪುಡಿಯನ್ನು ಉಂಡೆ ಮಾಡುವ ಘಟಕಕ್ಕೆ ಹಸಿವು ನಿಲ್ಲಲಿಲ್ಲವಲ್ಲ. ಅದಕ್ಕೆ ಗೊತ್ತುಮಾಡಿದ ಹೊಸ ಬೆಟ್ಟ ಯಾವುದು? ನಮ್ಮ ದೇವದಾರಿ. ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರದಷ್ಟು ಮರ; 2024ರಲ್ಲಿ ಅದರ ಮೇಲೆ ಕೇಂದ್ರ ಮತ್ತು ರಾಜ್ಯ ಜಗ್ಗಾಡಿದ್ದನ್ನು ನೀನೂ ಓದಿರುತ್ತೀಯ. ನಿಮ್ಮ ಬೆಟ್ಟ ಉಳಿದದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ಅಪ್ಪನ ಹೊಲದ ವಿಷಯ ನಿನಗೂ ಹೇಳಿರಲಿಲ್ಲ. ಗುಡ್ಡದ ಬುಡದಲ್ಲಿ ನಮ್ಮದೊಂದು ಜೋಳದ ಹೊಲವಿತ್ತು. ಗುಡ್ಡದಿಂದ ಉರುಳಿ ಬಂದ ಅದಿರಿನ ಕಲ್ಲುಗಳು ಅಂಥ ಹೊಲಗಳ ಮೇಲ್ಮಣ್ಣಿನಲ್ಲೇ ಇರುತ್ತವೆ. ಬೀಜಿಂಗ್ ಒಲಿಂಪಿಕ್ಸಿಗೆ ಮುಂಚೆ ಚೀನಾ ಎಷ್ಟು ಅದಿರು ಕೊಟ್ಟರೂ ಸಾಲದು ಎನ್ನುತ್ತಿದ್ದ ಕಾಲ. ಎಕರೆ ಲೆಕ್ಕದಲ್ಲಿ ಮಾತಾಡಿ ಮೇಲ್ಮಣ್ಣು ಕೆರೆದುಕೊಂಡು ಹೋದರು. ಆ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ನನ್ನ ಇಂಜಿನಿಯರಿಂಗ್ ಸೀಟು ಬಂತು, ಮಿಕ್ಕದ್ದರಲ್ಲಿ ಅಪ್ಪ ಹಳೆಯ ಲಾರಿಯೊಂದನ್ನು ಕೊಂಡರು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಕುರಿತು ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಬಂತು, ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಾನು ಬೆಂಗಳೂರಿನಲ್ಲಿ ಸಿಹಿ ಹಂಚಿದೆ. ಲಾರಿ ಮನೆಯ ಮುಂದೆ ಕಂತು ಬಾಕಿಯೊಂದಿಗೆ ನಿಂತಿತು. ಅಪ್ಪ ನನಗೆ ಏನೂ ಹೇಳಲಿಲ್ಲ. ಸಿಹಿ ಹಂಚಿದ ವಿಷಯ ಅವರಿಗೆ ಗೊತ್ತಿತ್ತು. 2013ರಲ್ಲಿ ತೀರ್ಪು ಬಂದು ಕಟ್ಟುಪಾಡಿನೊಂದಿಗೆ ಗಣಿಗಳು ಮತ್ತೆ ತೆರೆಯುವ ವೇಳೆಗೆ ಲಾರಿ ಗುಜರಿಗೆ ಹೋಗಿತ್ತು. ಹೊಲದಲ್ಲಿ ಈಗ ಬಳ್ಳಾರಿ ಜಾಲಿ ಬೆಳೆದಿದೆ. ನಮ್ಮ ಜಿಲ್ಲೆಯ ಹೆಸರು ಹೊತ್ತ ಮರ, ಅದೂ ಅಮೆರಿಕದಿಂದ ಬಂದದ್ದು.

ಇದೂ ನನ್ನನ್ನು ಅಷ್ಟು ಕಾಡಿರಲಿಲ್ಲ. ಆ ಹುಡುಗನ ಪಾಠ ಮುಗಿದ ಮೇಲೆ ಉಬ್ಬಳಗಂಡಿಯಲ್ಲಿ ಒಬ್ಬನೇ ನಿಂತಿದ್ದೆ. ಎದುರಿಗೆ ತೊಳೆದಿಟ್ಟಂಥ ಹಸಿರು ಗುಡ್ಡ, ಮೇಲೆ ಮೋಡ. ಎಂಥ ಚೆಂದ ಎಂದುಕೊಳ್ಳುವ ಮೊದಲೇ ನನ್ನ ತಲೆ ಗುಡ್ಡದ ಉದ್ದ, ಎತ್ತರ ಅಂದಾಜು ಮಾಡಿ ಟಿಪ್ಪರ್ ಲೆಕ್ಕ ಹಾಕುತ್ತಿತ್ತು. ಎಷ್ಟು ಲೋಡು, ಟನ್ನಿಗೆ ಎಷ್ಟು, ಲಂಪ್ಸ್ ಎಂಬ ಗಟ್ಟಿ ಅದಿರು ಎಷ್ಟು, ಫೈನ್ಸ್ ಎಂಬ ಪುಡಿ ಅದಿರು ಎಷ್ಟು. ಯಾರೂ ಕಲಿಸದ ಲೆಕ್ಕ. ಹೊಲದ ಮೇಲ್ಮಣ್ಣು ಮಾರುವ ಮುಂಚೆ ಅಪ್ಪ ಬದುವಿನ ಮೇಲೆ ಕೂತು ಬೆರಳು ಎಣಿಸುತ್ತಿದ್ದದ್ದನ್ನು ನೋಡಿದ್ದೆ, ಅಷ್ಟೇ. ಇನ್ನೂ ಒಂದು ಹೇಳುತ್ತೇನೆ: ಲೆಕ್ಕ ಮುಗಿದಾಗ ಬಂದ ಮೊತ್ತ ನೋಡಿ ನನಗೆ ಖುಷಿಯಾಯಿತು. ಒಂದು ಕ್ಷಣ, ಆದರೆ ಖುಷಿಯೇ.

ಸಾಕು. ನಾಲ್ಕು ಜನ ಓದುತ್ತಿದ್ದಾರೆ, ಅವರಲ್ಲಿ ಇಬ್ಬರು ನನ್ನ ಪರಿಸರ ಭಾಷಣಕ್ಕೆ ಶಾಲು ಹೊದಿಸಿದವರು. ಶಾಲು ವಾಪಸು ಕೇಳಿದರೆ ಕೊಡುವುದಕ್ಕಾಗುವುದಿಲ್ಲ, ಅಮ್ಮ ಅದರಲ್ಲಿ ದಿಂಬಿನ ಚೀಲ ಹೊಲಿದಿದ್ದಾಳೆ. ಗುಡ್ಡಕ್ಕೆ ನಾನು ಕಟ್ಟಿದ ಬೆಲೆಯನ್ನು ಮಾತ್ರ ಯಾರೂ ಕೇಳಬಾರದು, ಲೆಕ್ಕದಲ್ಲಿ ನಾನು ಎಂಥವನೆಂದು ನಿನಗೆ ಗೊತ್ತು. ಮೂರನೆಯ ಸೆಮಿಸ್ಟರಿನ ಫಲಿತಾಂಶಕ್ಕೆ ನೀನೇ ಸಾಕ್ಷಿ.

ಬರುವಾಗ ಮಕ್ಕಳಿಗೆ ಬಿಳಿ ಬಟ್ಟೆ ತರಬೇಡ. ಹೊಸಪೇಟೆಯವರೆಗೆ ರೈಲಿನಲ್ಲಿ ಬಾ, ಅಲ್ಲಿಂದ ಕರೆದುಕೊಂಡು ಬರುತ್ತೇನೆ. ಅದಿರಿನ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡರೆ ಕಿಟಕಿ ಏರಿಸಿಕೊಂಡು ಹಾಡು ಹಾಕೋಣ. ನೀನು ಹಾಡುವುದು ಬೇಡ. ಅಮ್ಮ ಶೇಂಗಾ ಚಟ್ನಿ ಈಗಲೇ ಕುಟ್ಟುತ್ತಿದ್ದಾಳೆ, ‘ಆ ಕಳಸದ ಹುಡುಗ ಈಗಲೂ ರೊಟ್ಟಿಯನ್ನು ಚಮಚದಲ್ಲಿ ತಿನ್ನುತ್ತಾನೆಯೇ’ ಎಂದು ಕೇಳಿದಳು. ಹೌದು ಎಂದು ಹೇಳಿದ್ದೇನೆ.

ನಿನ್ನ,
ಕೊಟ್ಟಿಗೆಯ ಪಾಲಿನವನು