ರೋಬೋಟ್ ಬಂತು, ಚಾರ್ಜರ್ ಬರಲಿಲ್ಲ

ಸಂಪಾದಕರೇ,

ಮೊನ್ನೆಯ ಕಟ್ಟಡ ಕುಸಿತದ ವರದಿಯಲ್ಲಿ ‘ಅತ್ಯಾಧುನಿಕ ರೋಬೋಟ್ ಬಳಸಿ ಶೋಧ’ ಎಂದು ಬರೆದಿದ್ದೀರಿ. ನಾನು ಎದುರು ಮನೆಯವನು. ಮಹಡಿಯಿಂದ ಎಲ್ಲ ನೋಡಿದ್ದೇನೆ. ಆ ರೋಬೋಟ್ ವ್ಯಾನಿನಿಂದ ಇಳಿಯಿತು, ಸಾಹೇಬರ ಜತೆ ಫೋಟೊ ತೆಗೆಸಿಕೊಂಡಿತು, ಆಮೇಲೆ ಅಲ್ಲಾಡಲಿಲ್ಲ. ಬ್ಯಾಟರಿ ಖಾಲಿ. ಚಾರ್ಜರ್ ಕಚೇರಿಯ ಬೀರುವಿನಲ್ಲಿ, ಬೀರುವಿನ ಕೀ ರಜೆ ಹಾಕಿದವರ ಜೇಬಿನಲ್ಲಿ! ಅತ್ಯಾಧುನಿಕ ಅಂದರೆ ಇದೇ ಇರಬೇಕು.

ಅದೇ ಹೊತ್ತಿಗೆ ನಮ್ಮ ಬೀದಿಯ ಇಬ್ಬರು ಕಾಲೇಜು ಹುಡುಗರು ತಾವೇ ಮಾಡಿದ ರೋಬೋಟ್ ತಂದಿದ್ದರು. ಶೂ ಡಬ್ಬಿಯಷ್ಟು ದೊಡ್ಡದು. ಮೈಯೆಲ್ಲ ತ್ರೀಡಿ ಪ್ರಿಂಟರ್‌ನಲ್ಲಿ ತೆಗೆದ ಪ್ಲಾಸ್ಟಿಕ್, ಒಳಗೊಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಕ್ಯಾಮೆರಾ, ಮೈಕು. ಬೆಲ್ಟ್ ಜಾರದಿರಲಿ ಅಂತ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದ್ದರು. ಹಿಂದೆ ಉದ್ದನೆಯ ವೈರು. ಇದ್ಯಾಕಪ್ಪಾ ಅಂದೆ. ‘ಕಾಂಕ್ರೀಟ್ ಅಡಿಗೆ ಹೋದರೆ ವೈಫೈ ಸಿಗಲ್ಲ ಅಂಕಲ್. ಸಿಕ್ಕಿಹಾಕಿಕೊಂಡರೆ ಎಳೆದುಕೊಳ್ಳಬಹುದು’ ಅಂದ ಒಬ್ಬ. ನಕ್ಷೆ, ಸಾಫ್ಟ್‌ವೇರ್ ಎಲ್ಲ ಓಪನ್ ಸೋರ್ಸ್ ಅಂತೆ. ಯಾರು ಬೇಕಾದರೂ ಇಳಿಸಿಕೊಂಡು ಮಾಡಬಹುದು. ಒಳಗೇ ಹೂತುಹೋದರೆ ಇನ್ನೊಂದು ಮಾಡಿದರಾಯಿತು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ದುರಂತವಾದಾಗ ಕ್ವಿನ್ಸ್ ಎಂಬ ರೋಬೋಟ್‌ನ ಕೇಬಲ್ ಕೈಕೊಟ್ಟು ಅದು ರಿಯಾಕ್ಟರ್ ಕಟ್ಟಡದಲ್ಲೇ ಉಳಿದುಬಿಟ್ಟಿತ್ತು. ಜಪಾನಿನವರಿಗೇ ಹಾಗಾದರೆ, ಕಳೆದುಹೋದರೂ ಪರವಾಗಿಲ್ಲ ಅನ್ನುವಂಥ ರೋಬೋಟ್ ನಾಲ್ಕಾರು ಇರಬೇಕಲ್ವಾ?

ಸಾಹೇಬರು ಕೇಳಿದ್ದು ಒಂದೇ ಮಾತು: ‘ಇದಕ್ಕೆ ಟೆಂಡರ್ ಆಗಿದೆಯಾ?’

ಹುಡುಗರು ಮೂರು ಗಂಟೆ ಹಗ್ಗದಾಚೆ ನಿಂತು ವಾಪಸ್ ಹೋದರು. ಒಳಗಿದ್ದ ಇಬ್ಬರನ್ನು ರಾತ್ರಿ ಹನ್ನೊಂದಕ್ಕೆ ಅಕ್ಕಪಕ್ಕದವರೇ ಕೈಯಲ್ಲಿ ಕಲ್ಲು ಸರಿಸಿ ಹೊರತೆಗೆದರು. ರೋಬೋಟ್ ಹೋದ ತಕ್ಷಣ ಜನ ಸಿಕ್ಕಿಬಿಡುತ್ತಾರೆ ಅಂತ ನಾನೇನೂ ಹೇಳುತ್ತಿಲ್ಲ. 2001ರಲ್ಲಿ ನ್ಯೂಯಾರ್ಕ್‌ನ ಅವಳಿ ಗೋಪುರ ಬಿದ್ದಾಗ, ಮನುಷ್ಯರೂ ನಾಯಿಗಳೂ ನುಗ್ಗಲಾಗದ ಸಂದಿಗೆ ಪುಟ್ಟ ರೋಬೋಟ್‌ಗಳು ಹೋಗಿದ್ದವು. ಬದುಕಿದ್ದವರು ಯಾರೂ ಅವಕ್ಕೆ ಸಿಗಲಿಲ್ಲ. ಆದರೆ ಒಳಗೆ ಹೋಗಿ ನೋಡಿಯಾದರೂ ಬಂದವು. ನಮ್ಮದು ವ್ಯಾನ್ ಪಕ್ಕ ಕೂತಿತ್ತು.

ನಾಲ್ಕು ದಿನದಿಂದ ನಮಗೆ ಕರೆಂಟಿಲ್ಲ. ನಲ್ಲಿ ತಿರುಗಿಸಿದರೆ ಕೆಸರು. ನನ್ನ ಸ್ಕೂಟರ್ ಹಗ್ಗದ ಒಳಗೆ, ನಾನು ಹೊರಗೆ. ದಿನಾ ನಡೆದು ಆಫೀಸಿಗೆ ಹೋಗಿ ಲೇಟಾಗಿ ಬೈಸಿಕೊಳ್ಳುತ್ತಿದ್ದೇನೆ. ಕೇಳಿದರೆ ‘ಶೋಧ ನಡೀತಿದೆ’ ಅನ್ನುತ್ತಾರೆ. ಏನನ್ನು, ಚಾರ್ಜರನ್ನಾ?

ಇವರು ಇವತ್ತು ಹೀಗಾದವರಲ್ಲ. ಬಾಯಿ ತೆರೆದುಕೊಂಡಿರುವ ಮ್ಯಾನ್‌ಹೋಲ್ ಬಗ್ಗೆ ಇದೇ ಕಚೇರಿಗೆ ಮೂರು ಅರ್ಜಿ ಕೊಟ್ಟಿದ್ದೆ. ನಾಲ್ಕನೆಯದು ಕೊಡಲು ಹೋದಾಗ ಮೊದಲ ಮೂರರ ಜೆರಾಕ್ಸ್ ಕೇಳಿದರು.

ಆ ಹುಡುಗರನ್ನು ಕರೆದು ಮಾತಾಡಿ. ಇಲ್ಲವೇ ಚಾರ್ಜರನ್ನಾದರೂ ವ್ಯಾನಿನಲ್ಲೇ ಇಡಿ. ಎರಡೂ ಆಗದಿದ್ದರೆ ಸುಮ್ನೆ ಫೋಟೊ ತೆಗೆಸಿಕೊಳ್ಳುವುದನ್ನು ನಿಲ್ಲಿಸಿ. ಆ ಮ್ಯಾನ್‌ಹೋಲನ್ನೂ ಮುಚ್ಚಿ. ಮತ್ತೆ, ನನ್ನ ಸ್ಕೂಟರ್ ಯಾವಾಗ ಬಿಡ್ತೀರಿ?

– ಎದುರು ಮನೆಯವನು