ಮಕ್ಕಳ ಗಾಡಿಗೆ ಎಂಜಿನ್ ಹುಡುಕುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ತೀರ್ಥಹಳ್ಳಿಯ ತೋಟದ ಕೊಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ಟಿವಿಎಸ್ ಎಕ್ಸ್‌ಎಲ್‌ನ ಎಂಜಿನ್ ಬಿಚ್ಚಿ, ಅದರಿಂದ ನಿನ್ನ ಇಬ್ಬರು ಮಕ್ಕಳಿಗೆ ಕಾಡುಹಾದಿಯಲ್ಲಿ ಓಡುವ ಒಂದು ಪುಟ್ಟ ಜೀಪು ಮಾಡಿಸಬೇಕೆಂದಿದ್ದೀಯ, ಸಕಲೇಶಪುರದ ನಮ್ಮ ತೋಟದಲ್ಲಿ ನಾನು ನನ್ನ ಮಕ್ಕಳಿಗೆ ಮಾಡಿಕೊಟ್ಟ ಗಾಡಿಯ ವಿವರಗಳನ್ನು ಕೇಳಿದ್ದೀಯ. ಎಲ್ಲವನ್ನೂ ಬರೆಯುತ್ತೇನೆ. ಆದರೆ ಎಂಜಿನ್ನಿನ ಮಾತನ್ನು ಸ್ವಲ್ಪ ಹಿಂದಕ್ಕಿಟ್ಟು, ಮಕ್ಕಳ ಮೈಯಳತೆಯಿಂದಲೂ ಬ್ರೇಕಿನಿಂದಲೂ ಆರಂಭಿಸಲು ನನಗೆ ಅನುಮತಿ ಕೊಡು. ಇಂಥ ಕೆಲಸಕ್ಕೆ ಹೊರಟ ಅಪ್ಪಂದಿರೆಲ್ಲ ಎಂಜಿನ್ನಿನಿಂದ ಶುರುಮಾಡುತ್ತಾರೆ. ಕೊನೆಗೆ ಸಿದ್ಧವಾಗುವುದು ಅಪ್ಪನ ಆಸೆಗೆ ತಕ್ಕ ಗಾಡಿ, ಅದರಲ್ಲಿ ಕೂರಬೇಕಾದವರು ಮಾತ್ರ ಮಕ್ಕಳು.

ಮೊದಲು ಆಕಾರದ ವಿಚಾರ. ಮಲೆನಾಡಿನವರ ಕಣ್ಣಿಗೆ ತೋಟದ ಗಾಡಿ ಎಂದರೆ ಜೀಪೇ. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದ ಮೇಲೆ, ಗೊಬ್ಬರದ ಮೂಟೆಯಿಂದ ಹಿಡಿದು ಮದುವೆಯ ದಿಬ್ಬಣದವರೆಗೆ ಎಲ್ಲವನ್ನೂ ಈ ಗುಡ್ಡಗಳಲ್ಲಿ ಹೊತ್ತದ್ದು ಅದೇ. ಹಾಗಾಗಿ ಅದನ್ನೇ ಅರ್ಧ ಅಳತೆಗೆ ಇಳಿಸಿ ಮಾಡಿಸುವ ನಿನ್ನ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಲೆಕ್ಕ ಹಾಕಿ ನೋಡು. ಹಳೆಯ ವಿಲ್ಲಿಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 80 ಅಂಗುಲ, ಎಡಬಲ ಚಕ್ರಗಳ ನಡುವಿನ ಅಗಲ ಸುಮಾರು 4 ಅಡಿ. ಅರ್ಧಕ್ಕೆ ಇಳಿಸಿದರೆ 40 ಅಂಗುಲ ಉದ್ದ, 2 ಅಡಿ ಅಗಲ. ಗಾಡಿಯೇನೋ ಅರ್ಧವಾಯಿತು, ಏಳು ವರ್ಷದ ಹುಡುಗ ಅರ್ಧ ಆಳಲ್ಲವಲ್ಲ! ಅವನ ತಲೆ ನಮ್ಮ ತಲೆಗಿಂತ ಅಷ್ಟೇನೂ ಚಿಕ್ಕದಲ್ಲ, ಅದರ ಮೇಲೆ ಹೆಲ್ಮೆಟ್ಟಿನ ಭಾರ ಬೇರೆ. ಮಕ್ಕಳು ಕೂತ ಮೇಲೆ ಒಟ್ಟು ಭಾರದ ಕೇಂದ್ರ ನೆಲದಿಂದ 50 ಸೆಂ.ಮೀ. ಎತ್ತರದಲ್ಲಿದೆಯೆಂದು ಇಟ್ಟುಕೊಂಡರೆ, 60 ಸೆಂ.ಮೀ. ಅಗಲದ ಗಾಡಿ ನಿಂತಲ್ಲೇ 31 ಡಿಗ್ರಿ ವಾಲಿದಾಗ ಮಗುಚುತ್ತದೆ. ಅಗಲವನ್ನು 100 ಸೆಂ.ಮೀ.ಗೆ ಹೆಚ್ಚಿಸಿದರೆ ಅದೇ ಭಾರಕ್ಕೆ 45 ಡಿಗ್ರಿಯವರೆಗೆ ತಡೆಯುತ್ತದೆ. ತಿರುವಿನ ವೇಗ, ಒಂದು ಕಡೆಯ ಗುಂಡಿ, ಪಕ್ಕಕ್ಕೆ ವಾಲಿ ಕೂರುವ ತಮ್ಮ, ಇವೆಲ್ಲ ಸೇರಿದಾಗ ಆ ಅಂಕಿ ಇನ್ನಷ್ಟು ಇಳಿಯುವುದರಿಂದ, ನೋಡಲು ಚೆಂದವಾದ ಪುಟಾಣಿ ಜೀಪನ್ನು ಬಿಟ್ಟು, ಅಗಲವಾದ, ನೆಲಕ್ಕೆ ಹತ್ತಿರವಾದ, ಕಪ್ಪೆಯಂತೆ ಕೂತ ಗಾಡಿಯನ್ನು ನಾನು ಆರಿಸಿಕೊಂಡೆ. ಜೀಪಿನ ಮುಖವೇ ಬೇಕೆಂದು ಮಕ್ಕಳು ಹಟ ಹಿಡಿದರೆ ತಗಡಿನಲ್ಲಿ ಒಂದು ಮುಖ ಕತ್ತರಿಸಿ ಮುಂದಕ್ಕೆ ಬೋಲ್ಟ್ ಮಾಡಿದರಾಯಿತು.

ಅಳತೆ ತೆಗೆದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಅದೇ. ಕಾಫಿ ಒಣಗಿಸುವ ಕಣ ಮಾರ್ಚಿನ ಹೊತ್ತಿಗೆ ಖಾಲಿಯಾಗಿರುತ್ತದೆ. ಆ ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಿಂದ ಗಾಡಿಯ ನಕ್ಷೆಯನ್ನು ನಿಜವಾದ ಅಳತೆಯಲ್ಲೇ ಬರೆದು, ಮಕ್ಕಳಿಬ್ಬರನ್ನೂ ಅದರೊಳಗೆ ಅಕ್ಕಪಕ್ಕ ಕೂರಿಸಿದೆ. ಮಗಳು ಊಟದ ಸ್ಟೀಲ್ ತಟ್ಟೆಯನ್ನು ಸ್ಟಿಯರಿಂಗ್‌ನಂತೆ ಎರಡೂ ಕೈಯಲ್ಲಿ ಹಿಡಿದು ಕಾಲು ಚಾಚಿದಾಗ, ಅವಳ ಹಿಮ್ಮಡಿ ಎಲ್ಲಿಗೆ ಬರುತ್ತದೆ, ಮೊಣಕಾಲು ಎಷ್ಟು ಬಾಗುತ್ತದೆ, ತಟ್ಟೆ ತಿರುಗಿಸುವಾಗ ಮೊಣಕೈ ತಮ್ಮನ ಮೂಗಿಗೆ ತಾಗುತ್ತದೆಯೇ ಎಂಬುದೆಲ್ಲ ಕಣ್ಣಿಗೇ ಕಾಣಿಸಿತು. ಮೂಗಿಗೆ ತಾಗುತ್ತಿತ್ತು, ಅಲ್ಲೇ ಗೆರೆ ಅಳಿಸಿ ಸೀಟುಗಳನ್ನು ಬೇರೆಬೇರೆ ಮಾಡಿದೆ. ಮಗಳ ಕಾಲಿಗೂ ಮಗನ ಕಾಲಿಗೂ ಇದ್ದ ವ್ಯತ್ಯಾಸವನ್ನು ನೋಡಿ, ಪೆಡಲುಗಳನ್ನು ಚಾಸಿಗೆ ನೇರವಾಗಿ ವೆಲ್ಡ್ ಮಾಡದೆ ಸಾಲು ತೂತುಗಳಿರುವ ಪಟ್ಟಿಯ ಮೇಲೆ ಕೂರಿಸಿದ್ದರಿಂದ, ಮಕ್ಕಳು ಬೆಳೆದಂತೆ ಎರಡು ಬೋಲ್ಟ್ ಬಿಚ್ಚಿ ಮುಂದಕ್ಕೆ ಸರಿಸಬಹುದು. ಸೀಟು ಒಂದೇ ಸಾಕೆಂದು ನೀನು ಬರೆದಿದ್ದೀಯ. ಒಂದೇ ಸೀಟಿದ್ದರೆ ಎರಡನೆಯ ಮಗು ಹಿಂದಿನ ಪೈಪಿನ ಮೇಲೆ ನಿಂತುಕೊಳ್ಳುತ್ತದೆ. ಎರಡು ಮಾಡಿಸು, ಎರಡಕ್ಕೂ ಭುಜದ ಮೇಲಿಂದ ಬರುವ ಬೆಲ್ಟು ಹಾಕಿಸು.

ಸ್ಟಿಯರಿಂಗ್‌ನ ಲೆಕ್ಕವನ್ನೂ ಅದೇ ಕಣದ ಮೇಲೆ ದಾರ ಎಳೆದು ಮುಗಿಸಿದೆ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಅದಕ್ಕಾಗಿ, ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳುವ ಗೂಟಗಳಾದ ಎರಡೂ ಕಿಂಗ್‌ಪಿನ್‌ಗಳಿಂದ ಹೊರಟು ಸ್ಟಿಯರಿಂಗ್ ತೋಳುಗಳ ತುದಿಯ ಮೂಲಕ ಹಾದ ಗೆರೆಗಳು ಹಿಂದಿನ ಆಕ್ಸಲ್ಲಿನ ನಡುಮಧ್ಯದಲ್ಲಿ ಕೂಡುವಂತೆ ತೋಳುಗಳ ಕೋನವನ್ನು ಇಡಬೇಕು. ಎರಡು ದಾರ, ಮೂರು ಮೊಳೆ, ಅಷ್ಟೇ ಸಾಮಾನು. ಮುಂದಿನ ಆಕ್ಸಲ್ಲಿಗೆ ಸ್ಪ್ರಿಂಗಿನ ಗೋಜು ಬೇಡವೆಂದು, ಟ್ರ್ಯಾಕ್ಟರಿನಲ್ಲಿರುವಂತೆ ನಡುವೆ ಒಂದು ಪಿನ್ನಿನ ಮೇಲೆ ತೂಗುವ ಹಾಗೆ ಮಾಡಿಸಿದ್ದೇನೆ. ಉಬ್ಬುತಗ್ಗಿನಲ್ಲಿ ನಾಲ್ಕೂ ಚಕ್ರ ನೆಲಕ್ಕೆ ಕಚ್ಚಿಕೊಳ್ಳುತ್ತವೆ. ಆದರೆ ಅಂಥ ಆಕ್ಸಲ್ ಅತಿಯಾಗಿ ತೂಗಿದರೆ ಗಾಡಿ ಮಗುಚುವುದು ಸುಲಭವಾಗುತ್ತದೆ, ಆದ್ದರಿಂದ ಎರಡೂ ಕಡೆ ರಬ್ಬರಿನ ತಡೆಗಳನ್ನು ಮರೆಯಬಾರದು.

ಇನ್ನು ಪೈಪು. ಗೇಟು, ಕಿಟಕಿ ಮಾಡುವ ತೆಳು ಪೈಪಿನಲ್ಲೇ, ಗಾಡಿ ಮಗುಚಿದರೆ ಮಕ್ಕಳನ್ನು ಕಾಯಬೇಕಾದ ತಲೆಯ ಮೇಲಿನ ಪಂಜರವನ್ನೂ ಮಾಡಿಕೊಡುತ್ತೇನೆಂದು ವೆಲ್ಡಿಂಗ್ ಅಂಗಡಿಯವರು ಹೇಳುತ್ತಾರೆ, ಒಪ್ಪಬೇಡ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಬ್ಬರೇ ಕೂರುವ ಕಾಡುಹಾದಿಯ ಗಾಡಿ ಕಟ್ಟಿ ಸ್ಪರ್ಧಿಸುವ ಬಾಹಾ ಎಸ್‌ಎಇ ಇಂಡಿಯಾ 2007ರಿಂದ ನಡೆಯುತ್ತಿದೆ, 2015ರಿಂದ ಅದರಲ್ಲಿ ವಿದ್ಯುತ್ ಗಾಡಿಗಳ ವಿಭಾಗವೂ ಇದೆ. ಬಾಹಾ ನಿಯಮದಲ್ಲಿ ಪಂಜರದ ಮುಖ್ಯ ಪೈಪುಗಳಿಗೆ ಹೇಳಿರುವ ಅಳತೆ 25 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪ, ಕನಿಷ್ಠ 0.18 ಶೇಕಡಾ ಇಂಗಾಲವಿರುವ ಉಕ್ಕು. ನಮ್ಮ ಗಾಡಿಯ ವೇಗ ಅದಕ್ಕಿಂತ ಬಹಳ ಕಡಿಮೆಯಾದರೂ, ತಲೆಯ ಮೇಲಿನ ಮತ್ತು ಪಕ್ಕದ ಪೈಪುಗಳಿಗೆ ನಾನು ಅದೇ ಅಳತೆಯನ್ನು ಹಿಡಿದೆ. ಉಳಿದ ಕಡೆ 2 ಮಿ.ಮೀ. ಸಾಕು. ಪೈಪಿಗೆ ಪೈಪು ಸೇರುವ ಕಡೆ ತುದಿಯನ್ನು ಗ್ರೈಂಡರಿನಲ್ಲಿ ಗುಂಡಗೆ ಕೊರೆದು ಸಂದಿಯಿಲ್ಲದಂತೆ ಕೂರಿಸಿ ಆಮೇಲೆ ವೆಲ್ಡ್ ಮಾಡಬೇಕೇ ಹೊರತು, ನೇರವಾಗಿ ಕತ್ತರಿಸಿದ ತುದಿಯ ಸಂದಿಯನ್ನು ರಾಡಿನಿಂದ ತುಂಬಿಸಿ ಮೇಲೆ ಪೇಂಟು ಬಳಿಯುವುದಕ್ಕೆ ಬಿಡಬೇಡ. ಪೇಂಟು ಹೊಡೆಯುವ ಮೊದಲು ನೀನೇ ಹೋಗಿ ಪ್ರತಿಯೊಂದು ಬೆಸುಗೆಯನ್ನೂ ನೋಡು.

ಬ್ರೇಕಿಗೆ ಬೈಕಿನ ಡಿಸ್ಕು, ಕ್ಯಾಲಿಪರ್ ಮತ್ತು ಮಾಸ್ಟರ್ ಸಿಲಿಂಡರ್ ಚೆನ್ನಾಗಿ ಹೊಂದುತ್ತವೆ. ಡಿಸ್ಕನ್ನು ಹಿಂದಿನ ಆಕ್ಸಲ್ಲಿನ ಮೇಲೆಯೇ ಕೂರಿಸಬೇಕು, ಚೈನಿನ ಆಚೆಗಿರುವ ಮೋಟರಿನ ಕಡೆಗಲ್ಲ (ನನ್ನ ಗಾಡಿ ಓಡುವುದು ವಿದ್ಯುತ್ ಮೋಟರಿನಿಂದ). ಏಕೆಂದರೆ ಇಳಿಜಾರಿನಲ್ಲಿ ಚೈನು ಕಡಿದರೂ ಬ್ರೇಕು ಉಳಿಯಬೇಕು. ಪೆಡಲಿನ ಸನ್ನೆಯನ್ನು ಐದಕ್ಕೆ ಒಂದರಂತೆ ಇಟ್ಟಿದ್ದರಿಂದ ಮಗನ ಸಣ್ಣ ಕಾಲಿಗೂ ಚಕ್ರ ಕಚ್ಚಿ ನಿಲ್ಲುತ್ತದೆ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ: ಗಾಬರಿಯಾದ ಮಗು ಎರಡೂ ಕಾಲುಗಳನ್ನು ಒಟ್ಟಿಗೆ ಒತ್ತುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಹಾಗಾದರೆ ಎಂಜಿನ್ನಿಗೂ ಬ್ರೇಕಿಗೂ ಜಗ್ಗಾಟವಾಗುತ್ತದೆ. ವಿದ್ಯುತ್ ಮೋಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರಿನಲ್ಲಿ ಬ್ರೇಕಿಗಾಗಿಯೇ ಒಂದು ತಂತಿ ಇರುತ್ತದೆ. ಅದನ್ನು ಪೆಡಲಿನ ಸ್ವಿಚ್ಚಿಗೆ ಕೊಟ್ಟರೆ, ಬ್ರೇಕನ್ನು ಮುಟ್ಟಿದ ಕ್ಷಣವೇ ಮೋಟರಿಗೆ ಹೋಗುವ ಕರೆಂಟು ನಿಲ್ಲುತ್ತದೆ, ಇನ್ನೊಂದು ಕಾಲು ಎಷ್ಟೇ ಒತ್ತಿದರೂ ಪರಿಣಾಮವಿಲ್ಲ. ನಾನು ವಿದ್ಯುತ್ತನ್ನು ಆರಿಸಿಕೊಳ್ಳಲು ಈ ಒಂದು ತಂತಿಯೇ ಸಾಕಾಯಿತು.

ನಿನ್ನ ಎಕ್ಸ್‌ಎಲ್ ಎಂಜಿನ್ ಬೇಡವೆನ್ನಲು ಬೇರೆ ಕಾರಣಗಳೂ ಇವೆ. ಅದಕ್ಕೆ ರಿವರ್ಸ್ ಗೇರ್ ಇಲ್ಲ; ಅಡಿಕೆ ತೋಟದ ಕಿರುದಾರಿಯಲ್ಲಿ ಮುಂದೆ ಕಪ್ಪು (ನೀರು ಬಸಿಯುವ ಕಾಲುವೆ) ಅಡ್ಡ ಬಂದರೆ ಮಗು ಇಳಿದು ಗಾಡಿಯನ್ನು ತಳ್ಳಬೇಕು, ಮಳೆಗಾಲದಲ್ಲಿ ಜಿಗಣೆಗೆ ಹೆದರಿ ಅದು ಇಳಿಯುವುದೂ ಇಲ್ಲ. ಬೆನ್ನ ಹಿಂದೆ ಕಾದ ಸೈಲೆನ್ಸರ್, ಮಣ್ಣು ಸೇರಿ ಅಂಟಿಕೊಳ್ಳುವ ಆಕ್ಸಿಲರೇಟರ್ ಕೇಬಲ್ಲು, ನಾವು ಕೂಗಿದರೂ ಕೇಳಿಸದಷ್ಟು ಸದ್ದು, ಇವನ್ನು ಪ್ರತ್ಯೇಕವಾಗಿ ವಿವರಿಸಬೇಕಿಲ್ಲ.

ನನ್ನದು 48 ವೋಲ್ಟಿನ, 1000 ವ್ಯಾಟಿನ, ನಿಮಿಷಕ್ಕೆ 3000 ಸುತ್ತು ತಿರುಗುವ ಮೋಟರು. ಚಕ್ರಗಳು ಆಟೋರಿಕ್ಷಾದ 8 ಅಂಗುಲದ ರಿಮ್ಮಿನವು. ಟೈರಿನ ಸುತ್ತಳತೆ ಸುಮಾರು 1.3 ಮೀಟರ್. ಮೋಟರಿನಿಂದ ನಡುವಿನ ಶಾಫ್ಟಿಗೆ 11 ಹಲ್ಲಿನಿಂದ 44 ಹಲ್ಲಿಗೆ ಒಂದು ಚೈನು, ಅಲ್ಲಿಂದ ಆಕ್ಸಲ್ಲಿಗೆ ಮತ್ತೆ 11ರಿಂದ 44ಕ್ಕೆ ಇನ್ನೊಂದು. ನಾಲ್ಕು ನಾಲ್ಕಲಿ ಹದಿನಾರು ಪಟ್ಟು ಇಳಿತ. ಚಕ್ರ ನಿಮಿಷಕ್ಕೆ 187 ಸುತ್ತು ತಿರುಗಿದರೆ ಗಾಡಿಯ ಗರಿಷ್ಠ ವೇಗ ಗಂಟೆಗೆ 14-15 ಕಿ.ಮೀ. ಕಂಟ್ರೋಲರಿನಲ್ಲೇ ವೇಗ ಕಡಿಮೆ ಮಾಡುವ ಸ್ವಿಚ್ಚಿದೆಯಲ್ಲ, ಇಷ್ಟು ಹಲ್ಲಿನ ಲೆಕ್ಕ ಯಾಕೆ ಎಂದು ಕೇಳಬಹುದು. ಸ್ವಿಚ್ಚಿನಿಂದ ಇಳಿಸಿದ ವೇಗವನ್ನು ಹತ್ತು ವರ್ಷದ ಮಗಳು ಒಂದು ಮಧ್ಯಾಹ್ನದಲ್ಲಿ ಏರಿಸಿಕೊಳ್ಳುತ್ತಾಳೆ. ಹಲ್ಲಿನಿಂದ ಇಳಿಸಿದ್ದನ್ನು ಏರಿಸಲು ಚೈನು ಬಿಚ್ಚಬೇಕು. ಅದಲ್ಲದೆ ಇಳಿಸಿದಷ್ಟೂ ಏರು ಹತ್ತುವ ಬಲ ಹೆಚ್ಚುತ್ತದೆ, ಮೋಟರು ಕಾಯುವುದು ತಪ್ಪುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಮನೆಯ ಹಿಂದಿನ ಕೆಂಪು ಮಣ್ಣಿನ ಏರನ್ನು ಇಬ್ಬರು ಮಕ್ಕಳನ್ನು ಹೊತ್ತು ನಿಧಾನವಾಗಿ, ಏದುಸಿರಿಲ್ಲದೆ ಹತ್ತುತ್ತದೆ.

ಹಿಂದಿನ ಆಕ್ಸಲ್ 30 ಮಿ.ಮೀ. ದಪ್ಪದ ಒಂದೇ ಕಂಬಿ, ತಿರುವಿನಲ್ಲಿ ಎರಡು ಚಕ್ರಗಳೂ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಕೀ ಎಂಬ ಲೋಹದ ತುಂಡು ಕೂರುವ ತೋಡನ್ನು ಲೇತಿನವರಿಂದ ಕೊರೆಸಿ, ಎರಡು ಪೆಡೆಸ್ಟಲ್ ಬೇರಿಂಗುಗಳಲ್ಲಿ ಕೂರಿಸಿದೆ. ಕೆಸರಿನಲ್ಲಿ ಇದು ಒಳ್ಳೆಯದು, ಸಿಮೆಂಟಿನ ಮೇಲೆ ತಿರುವು ಮಾತ್ರ ಸ್ವಲ್ಪ ಬಿಗಿ. ಬ್ಯಾಟರಿಯಲ್ಲಿ ಜಿಪುಣತನ ಬೇಡ. ಇಡೀ ಗಾಡಿಯಲ್ಲಿ ಹೆಚ್ಚು ಹಣ ಹೋಗುವುದು ಅಲ್ಲಿಯೇ, ನಿಜ. ಲಿಥಿಯಂ ಐರನ್ ಫಾಸ್ಫೇಟಿನ 16 ಸೆಲ್ಲುಗಳ, 30 ಆಂಪಿಯರ್ ಅವರ್‌ನ ಪೆಟ್ಟಿಗೆಯಲ್ಲಿ ಒಂದೂವರೆ ಯೂನಿಟ್ ಕರೆಂಟು ಹಿಡಿಯುತ್ತದೆ, ಮಕ್ಕಳ ಒಂದು ಸಂಜೆಗೆ ಧಾರಾಳವಾಗುತ್ತದೆ. ಅಷ್ಟೇ ಶಕ್ತಿಯ ಸೀಸದ ಬ್ಯಾಟರಿಗಳ ತೂಕ ಇದರ ಎರಡು ಪಟ್ಟನ್ನೂ ಮೀರುತ್ತದೆ. ಪೆಟ್ಟಿಗೆಯನ್ನು ಸೀಟುಗಳ ಕೆಳಗೆ, ನಡುವೆ ಇಡಿಸು. ಫ್ಯೂಸ್ ಬ್ಯಾಟರಿಗೆ ಅಂಟಿದಂತೆಯೇ ಇರಲಿ.

ಗಾಡಿ ನಿಲ್ಲಿಸಲು ಬ್ರೇಕಲ್ಲದೆ ಇನ್ನೆರಡು ದಾರಿಗಳಿವೆ. ಚಾಲಕರ ಬೆಲ್ಟಿಗೆ ಕಟ್ಟಿದ ದಾರ ಕಿತ್ತು ಬಂದರೆ ಕರೆಂಟು ಹೋಗುತ್ತದೆ. ನನ್ನ ಜೇಬಿನಲ್ಲಿರುವ ರಿಮೋಟಿನ ಗುಂಡಿ ಒತ್ತಿದರೂ ಹೋಗುತ್ತದೆ. ಆದರೆ ಅಗ್ಗದ ರಿಮೋಟಿಗೆ ಮರಗಳ ಮರೆಯಲ್ಲಿ ಸಿಗ್ನಲ್ ಸಿಗದೆ ಹೋಗಬಹುದು, ಅದನ್ನೊಂದೇ ನಂಬಬಾರದು. ಚೈನುಗಳನ್ನು ಪೂರ್ತಿ ಮುಚ್ಚಿಸಿದ್ದೇನೆ. ಜಡೆ, ದುಪಟ್ಟಾ, ಬೂಟಿನ ಲಾಡಿ ಎಲ್ಲಕ್ಕೂ ಅದು ಕಾದುಕೊಂಡಿರುತ್ತದೆ. ಮಕ್ಕಳನ್ನು ಕೂರಿಸುವ ಮೊದಲು, ಅವರ ತೂಕದ ಮರಳಿನ ಚೀಲಗಳನ್ನು ಸೀಟಿಗೆ ಬಿಗಿದು, ಒಂದು ಪಕ್ಕವನ್ನು ಜಾಕಿನಿಂದ ಎತ್ತಿ, ಎಷ್ಟು ವಾಲಿದಾಗ ಗಾಡಿ ಹಗುರವಾಗತೊಡಗುತ್ತದೆ ಎಂದು ಮೊಬೈಲಿನ ಕೋನಮಾಪಕದಲ್ಲಿ ನೋಡು. ಗಾಡಿ ಆಚೆಗೆ ಮಗುಚದಂತೆ ಹಗ್ಗ ಕಟ್ಟಿರಲಿ.

ಈ ಯೋಜನೆಯನ್ನು ನನ್ನ ಹೆಂಡತಿ ಮೊದಲು ಒಪ್ಪಿರಲಿಲ್ಲ, ಅವಳ ವಾದದಲ್ಲಿ ಹುರುಳಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ವರ್ಷದೊಳಗಿನವರು ಎಟಿವಿಯನ್ನು, ಅಂದರೆ ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಬೈಕನ್ನು, ಓಡಿಸಲೇಬಾರದು ಎನ್ನುತ್ತದೆ. ಎಟಿವಿಯಲ್ಲಿ ಪಂಜರವೂ ಇಲ್ಲ, ಬೆಲ್ಟೂ ಇಲ್ಲ, ವೇಗವೂ ಹೆಚ್ಚು ಎಂದು ನಾನು ಉತ್ತರ ಕೊಟ್ಟೆನಾದರೂ, ಅಪಾಯ ಕಡಿಮೆಯಾಗಿದೆಯೇ ಹೊರತು ಇಲ್ಲವಾಗಿಲ್ಲ ಎಂಬುದನ್ನು ಒಪ್ಪಬೇಕಾಯಿತು. ನಮ್ಮ ಮನೆಯ ಕಟ್ಟಳೆಗಳು ಆ ಚರ್ಚೆಯಿಂದ ಬಂದವು: ಐಎಸ್ಐ ಗುರುತಿನ ಹೆಲ್ಮೆಟ್, ಬೂಟು, ಬೆಲ್ಟು ಇಲ್ಲದೆ ಕೀಲಿ ಸಿಗದು, ದೊಡ್ಡವರೊಬ್ಬರು ಜೊತೆಗೆ ನಡೆಯಲೇಬೇಕು, ಸಂಜೆ ಐದರ ನಂತರ ಗಾಡಿ ಹೊರಗಿಲ್ಲ. ಕೊನೆಯದು ಆನೆಗಳ ಕಾರಣಕ್ಕೆ.

ಕಾನೂನಿನ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 2(28)ನೆಯ ಕಲಮು, ಆವರಣದೊಳಗಷ್ಟೇ ಬಳಸಲೆಂದು ರೂಪಿಸಿದ ವಿಶೇಷ ಬಗೆಯ ಗಾಡಿಯನ್ನು ಮೋಟಾರು ವಾಹನದ ಅರ್ಥದಿಂದ ಹೊರಗಿಡುತ್ತದೆ. ಗೇಟು ದಾಟಿ ಪಂಚಾಯಿತಿ ರಸ್ತೆಗೆ ಬಂದರೆ ಆ ಮಾತು ನಿಲ್ಲದು. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಮಾಡಿದ ಅಪರಾಧಕ್ಕೆ ಪೋಷಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ನಿಮ್ಮ ಮನೆಗೂ ತೋಟಕ್ಕೂ ನಡುವೆ ಊರಿನ ರಸ್ತೆ ಹಾದುಹೋಗುತ್ತದೆಂಬುದು ನನಗೆ ನೆನಪಿದೆ, ಹಾಗಾಗಿ ಗಾಡಿಗೆ ತೋಟದ ಒಳಗೇ ಒಂದು ಮಾಡು ಕಟ್ಟಿಸು.

ಮೋಟರಿಗಾಗಲಿ ಬ್ಯಾಟರಿಗಾಗಲಿ ಮುಂಗಡ ಕೊಡುವ ಮೊದಲು ಇಷ್ಟನ್ನು ಬರೆದು ಕಳುಹಿಸು: ಇಬ್ಬರು ಮಕ್ಕಳ ತೂಕ, ಗೋಡೆಗೆ ಒರಗಿ ಕೂತಾಗ ಬೆನ್ನಿನಿಂದ ಹಿಮ್ಮಡಿಯವರೆಗಿನ ಉದ್ದ, ತೋಟದ ಅತ್ಯಂತ ಕಡಿದಾದ ಏರು ಎಷ್ಟು ಅಡಿಗೆ ಎಷ್ಟು ಏರುತ್ತದೆ, ಅತ್ಯಂತ ಕಿರಿದಾದ ದಾರಿಯ ಅಗಲವೆಷ್ಟು. ನಿನ್ನ ದಾರಿ ನಾಲ್ಕೂವರೆ ಅಡಿಗಿಂತ ಕಿರಿದಾಗಿದ್ದರೆ ನನ್ನ ಅಳತೆಗಳು ಹಾಗೆಯೇ ಹೊಂದುವುದಿಲ್ಲ, ಸೀಟನ್ನು ಇನ್ನೂ ಕೆಳಗಿಳಿಸಬೇಕಾಗುತ್ತದೆ. ದಸರಾ ರಜೆಗೆ ಮಕ್ಕಳನ್ನು ಕರೆದುಕೊಂಡು ಬಂದರೆ ಗಾಡಿಯ ಪ್ರತಿ ಬೋಲ್ಟನ್ನೂ ಬಿಚ್ಚಿ ತೋರಿಸುತ್ತೇನೆ. ನವೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದರೆ ನನಗೂ ಬಿಡುವಿರುವುದಿಲ್ಲ, ಕಣವೂ ಖಾಲಿಯಿರುವುದಿಲ್ಲ.

ಇಂತಿ ನಿನ್ನ ಗೆಳೆಯ