ರಜೆಯ ಸುದ್ದಿ ಬಂತು, ಗೋಲ್‌ಕೀಪರ್ ಎಲ್ಲಿ?

ರಿಗಾ, ಮೇ 31, 2023

ಮಾನ್ಯ ಸಂಪಾದಕರೇ,

ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ಖುಷಿಗೆ ಇಡೀ ದೇಶಕ್ಕೆ ರಜೆ ಸಾರಿದ ಸುದ್ದಿಯನ್ನು ತಾವು ಮಂಗಳವಾರದ ಕ್ರೀಡಾ ಪುಟದ ಮೂಲೆಯಲ್ಲಿ ಪ್ರಕಟಿಸಿ, ನಮ್ಮವರೂ ಇದನ್ನು ನೋಡಿ ಕಲಿಯಲಿ ಎಂಬ ಬುದ್ಧಿಮಾತನ್ನೂ ಕೊನೆಗೆ ಸೇರಿಸಿದ್ದೀರಿ. ಆ ರಜೆಯನ್ನು ಇಲ್ಲಿಯೇ, ಲಾಟ್ವಿಯಾದ ರಾಜಧಾನಿ ರಿಗಾದಲ್ಲೇ ಇದ್ದು ಅನುಭವಿಸಿದವನು ನಾನು. ಗೆದ್ದದ್ದು ಲಾಟ್ವಿಯಾ, ವರದಿಯ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅದು ಲಿಥುವೇನಿಯಾ ಆಗಿದೆ. ಆಟಗಾರರು ಹೊಡೆಯುವುದು ಪಕ್ ಎಂಬ ಚಪ್ಪಟೆ ರಬ್ಬರ್ ಬಿಲ್ಲೆಯನ್ನು. ತಮ್ಮಲ್ಲಿ ಅದು ಚೆಂಡು. ಇವನ್ನೆಲ್ಲ ಹೇಗೋ ನುಂಗಿಕೊಳ್ಳಬಹುದು. ಆದರೆ ಟೂರ್ನಿಯ ಅತ್ಯಮೂಲ್ಯ ಆಟಗಾರ, ಅತ್ಯುತ್ತಮ ಗೋಲ್‌ಕೀಪರ್ ಎಂಬ ಎರಡೂ ಗೌರವಗಳನ್ನು ಪಡೆದ ಆರ್ಟುರ್ಸ್ ಶಿಲೋವ್ಸ್‌ನ ಹೆಸರೇ ವರದಿಯಲ್ಲಿ ಇಲ್ಲವೆಂದರೆ, ಮದುವೆಯ ಸುದ್ದಿ ಬರೆದು ಮದುಮಗನನ್ನು ಬಿಟ್ಟಂತಾಯಿತು.

2001ರಲ್ಲಿ ಹುಟ್ಟಿದ ಈ ಹುಡುಗನನ್ನು ಕೆನಡಾದ ವ್ಯಾಂಕೂವರ್ ಕನಕ್ಸ್ ತಂಡ, ಉತ್ತರ ಅಮೆರಿಕದ ಅಗ್ರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 2019ರ ಹೊಸ ಆಟಗಾರರ ಆಯ್ಕೆಯಲ್ಲಿ ಆರಿಸಿದ್ದು ಆರನೆಯ ಸುತ್ತಿನಲ್ಲಿ, 156ನೆಯವನಾಗಿ. ಆಮೇಲೆ ಕೆನಡಾದ ಕಿರಿಯರ ಲೀಗಿನಲ್ಲಿ ಬ್ಯಾರಿ ಕೋಲ್ಟ್ಸ್ ಪರ ಆಡಿದ ಋತು ಕೊರೊನಾದಿಂದಾಗಿ ಮುಗಿಯುವ ಮೊದಲೇ ನಿಂತುಹೋಯಿತು. ಅಲ್ಲಿಂದ ಮುಂದೆ ಮುಖ್ಯ ತಂಡದ ಬಾಗಿಲು ತೆರೆಯುವುದನ್ನು ಕಾಯುತ್ತ ಅದರ ಕೆಳಗಿನ ಆಬಟ್ಸ್‌ಫರ್ಡ್ ತಂಡದಲ್ಲಿ ದುಡಿಮೆ. ಈ ವರ್ಷದ ಫೆಬ್ರುವರಿಯಲ್ಲಷ್ಟೇ ಎನ್‌ಎಚ್‌ಎಲ್ ಅಂಗಳಕ್ಕೆ ಇಳಿದು, ಐದು ಪಂದ್ಯಗಳನ್ನು ಆಡಿದ. ನಮ್ಮ ಕ್ರಿಕೆಟ್ಟಿನ ಲೆಕ್ಕದಲ್ಲಿ, ರಣಜಿ ಆಡಿಕೊಂಡಿದ್ದವನು ವಿಶ್ವಕಪ್ಪಿಗೆ ಹೋಗಿ ಸರಣಿಶ್ರೇಷ್ಠನಾಗಿ ಬಂದಂತೆ. ಇಲ್ಲಿ ರಿಗಾದಲ್ಲಿ ಸ್ವೀಡನ್ನನ್ನು 3-1ರಿಂದ ಮನೆಗೆ ಕಳಿಸಿದಾಗಲೂ, ಸೆಮಿಫೈನಲ್‌ನಲ್ಲಿ ಕೆನಡಾಕ್ಕೆ ಸೋತ ಮರುದಿನವೇ ಕಂಚಿನ ಪಂದ್ಯದಲ್ಲಿ ಅಮೆರಿಕವನ್ನು ಹೆಚ್ಚುವರಿ ಅವಧಿಯಲ್ಲಿ 4-3ರಿಂದ ಮಣಿಸಿದಾಗಲೂ ಗೋಲಿನ ಮುಂದೆ ನಿಂತಿದ್ದವನು ಇವನೇ. ಸಮಬಲದ ಗೋಲು, ಗೆಲುವಿನ ಗೋಲು ಎರಡನ್ನೂ ಹೊಡೆದ ಕ್ರಿಸ್ಟಿಯಾನ್ಸ್ ರುಬೀನ್ಸ್‌ನ ಹೆಸರೂ ತಮ್ಮ ವರದಿಯಲ್ಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನು ರಜೆಯ ಮಾತು. ಭಾನುವಾರ ಸಂಜೆ ಸ್ವಾತಂತ್ರ್ಯ ಸ್ಮಾರಕದ ಬಳಿ ಸೇರಿದ್ದ ಜನಸಾಗರದಲ್ಲಿ ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬ. ನಡುರಾತ್ರಿಯ ಹೊತ್ತಿಗೆ ಸಂಸತ್ತು ಸೇರಿತು. ಕೆಲವು ಸದಸ್ಯರು ತಂಡದ ಜೆರ್ಸಿ ತೊಟ್ಟೇ ಬಂದಿದ್ದರು. ಬೆಳಗಾದರೆ ಸೋಮವಾರ ರಜೆ. ಎರಡು ತಿಂಗಳು ಕಾದು ಪಡೆದಿದ್ದ ದಂತವೈದ್ಯರ ಸಮಯ ಹೀಗೆ ನೀರಿನಲ್ಲಿ ಹೋಮವಾಯಿತು. ಮಗಳ ಶಿಶುವಿಹಾರದ ಬಾಗಿಲಿಗೆ ಬೀಗ. ಬೆಂಗಳೂರಿನ ಸಹೋದ್ಯೋಗಿಗಳಿಗೆ ಕಂಚಿನ ಪದಕದ ಗೊಡವೆ ಇಲ್ಲದ ಕಾರಣ, ಊದಿದ ಕೆನ್ನೆಗೆ ಲವಂಗ ಒತ್ತಿಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಬೆಳಗಿನ ಸಭೆಗೆ ಹಾಜರಾದೆ. ಆಡಿ ದಣಿದವನು ಶಿಲೋವ್ಸ್, ವಿಶ್ರಾಂತಿ ಮಾತ್ರ ನಮಗೆ! ಮಕ್ಕಳು ಬಸ್ಸು ಹತ್ತಿದ ಮೇಲೆ ಮಳೆ ರಜೆಯ ಆದೇಶ ಬರುವ ನಮ್ಮ ಮಲೆನಾಡಿನಿಂದ ಇಷ್ಟು ದೂರ ಬಂದರೂ ಇದೇ ಹಣೆಬರಹವೇ ಎಂದುಕೊಂಡೆ. ಇದನ್ನೇ ತಾವು ನಮ್ಮವರು ಕಲಿಯಲಿ ಎನ್ನುತ್ತಿರುವುದು.

ಅಧಿಕಾರದಲ್ಲಿರುವವರ ಚುರುಕುತನ ಎಲ್ಲ ಕಾಲಕ್ಕೂ ಹೀಗೇ ಇರುವುದಿಲ್ಲ. ಕಳೆದ ಡಿಸೆಂಬರಿನಲ್ಲಿ ನಮ್ಮ ಬೀದಿಯ ಕಾಲುದಾರಿಯೇ ಹಾಕಿ ಅಂಗಳದಂತೆ ಹೆಪ್ಪುಗಟ್ಟಿ, ನಾನು ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಾಗ, ಅಲ್ಲಿ ಮರಳು ಚೆಲ್ಲಿಸಬೇಕಾದವರಿಗೆ ಮೂರು ಬಾರಿ ಬರೆದೆ. ಯಾರೂ ನಡುರಾತ್ರಿ ಸಭೆ ಸೇರಲಿಲ್ಲ, ಹಗಲು ಹೊತ್ತಿನಲ್ಲೂ ಸೇರಿದಂತೆ ಕಾಣಲಿಲ್ಲ. 2021ರ ಮೇ ತಿಂಗಳಲ್ಲಿ ಇದೇ ರಿಗಾದಲ್ಲಿ ಲಾಟ್ವಿಯಾದ ಗೋಲ್‌ಕೀಪರ್ ಮಾಟಿಸ್ ಕಿವ್ಲೆನಿಯೆಕ್ಸ್ ಒಂದೂ ಗೋಲು ಬಿಡದೆ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಬಾರಿಗೆ ಕೆನಡಾವನ್ನು 2-0ಯಿಂದ ಸೋಲಿಸಲು ಕಾರಣನಾದಾಗ, ಕೊರೊನಾ ನಿಯಮದಿಂದ ಚಪ್ಪಾಳೆ ತಟ್ಟಲೂ ಒಳಗೆ ಪ್ರೇಕ್ಷಕರಿರಲಿಲ್ಲ. ಸುಮಾರು ಆರು ವಾರ ಕಳೆಯುವಷ್ಟರಲ್ಲಿ ಅಮೆರಿಕದಲ್ಲಿ ಪಟಾಕಿ ಅವಘಡಕ್ಕೆ ಸಿಲುಕಿ, 24ನೆಯ ವಯಸ್ಸಿಗೆ ಆತ ತೀರಿಕೊಂಡ. ಶಿಲೋವ್ಸ್ ಗೋಲಿನ ಮುಂದೆ ನಿಂತಾಗ ಇಲ್ಲಿನ ಜನರಿಗೆ ಆ ಹುಡುಗನ ನೆನಪೂ ಬರುತ್ತದೆ ಎಂಬುದು ತಮ್ಮ ವರದಿಗಾರರಿಗೆ ತಿಳಿದಿದ್ದರೆ, ಬರೀ ರಜೆಯ ಮೋಜನ್ನೇ ತಲೆಬರಹ ಮಾಡುತ್ತಿರಲಿಲ್ಲ.

ಆದ್ದರಿಂದ ತಾವು ಕೂಡಲೇ ತಿದ್ದುಪಡಿ ಪ್ರಕಟಿಸಿ, ಶಿಲೋವ್ಸ್‌ನ ಬಗ್ಗೆ ಅರ್ಧ ಪುಟವನ್ನಾದರೂ ಕೊಡಬೇಕು. ರಜೆ ಕೊಡುವವರು ಇನ್ನು ಮುಂದೆ ಮೊದಲೇ ತಿಳಿಸಿ ಕೊಡಬೇಕು, ಇಲ್ಲವೇ ಕೊಡಲೇಬಾರದು. ಗೆಲುವು ಮೊದಲೇ ಗೊತ್ತಾಗುವುದಿಲ್ಲ ಎಂಬ ಸಬೂಬು ನನಗೆ ಬೇಡ. ಅದಕ್ಕೆ ದಾರಿ ಹುಡುಕುವುದು ಸಂಬಳ ತೆಗೆದುಕೊಳ್ಳುವವರ ಕೆಲಸ, ಹಲ್ಲುನೋವಿನವನದಲ್ಲ. ಕನಿಷ್ಠ ನಕ್ಷೆ ನೋಡಿ ದೇಶದ ಹೆಸರು ಬರೆಯುವ ಅಭ್ಯಾಸವನ್ನಾದರೂ ಕ್ರೀಡಾ ವಿಭಾಗದವರು ಮಾಡಿಕೊಳ್ಳಲಿ.

ಇಂತಿ ತಮ್ಮ ವಿಶ್ವಾಸಿ,
ಮೂಲತಃ ಸಾಗರದ ಒಬ್ಬ ಓದುಗ, ಸದ್ಯ ರಿಗಾ